ಮೂರು ಹಗ್ಗ, ಒಂದು ಬೇವಿನ ದಿಮ್ಮಿ

ನಮ್ಮ ಮಾವನಷ್ಟು ದುಡಿದವರನ್ನು ನಾನು ಈ ಸೀಮೆಯಲ್ಲಿ ಕಂಡಿಲ್ಲ. ಅವರಷ್ಟು ಕೆಲಸ ಮುಗಿಸದೆ ಬಿಟ್ಟವರನ್ನೂ ಕಂಡಿಲ್ಲ! ಒಂದು ಬೇವಿನ ದಿಮ್ಮಿಯನ್ನು ಮನೋಳಿಯಿಂದ ಬೈಲಹೊಂಗಲಕ್ಕೆ ಒಯ್ಯುವ ಸಲುವಾಗಿ ಅವರು ನಾಲ್ಕು ವರ್ಷ ಬೆವರು ಸುರಿಸಿದರು. ಆ ನಾಲ್ಕು ವರ್ಷದಲ್ಲಿ ದಿಮ್ಮಿ ಬೈಲಹೊಂಗಲದ ಕಡೆಗೆ ಎಷ್ಟು ದೂರ ಹೋಗಿರಬಹುದು ಅನ್ನುತ್ತೀರಿ? ಒಂದು ಮೊಳವೂ ಇಲ್ಲ. ಸವದತ್ತಿಯ ಕಡೆಗೆ ಹೋಯಿತು ನೋಡಿ, ಅದೂ ಒಂದೇ ಗಳಿಗೆಯಲ್ಲಿ! ಆ ಕತೆ ಕಡೆಗೆ ಬರುತ್ತದೆ, ಸ್ವಲ್ಪ ತಡೆಯಿರಿ.

ಮಾವ ಎಂದರೆ ನನ್ನ ಅಕ್ಕನ ಗಂಡ. ಬೈಲಹೊಂಗಲದಲ್ಲಿ ಹೊಲ, ಜೋಡೆತ್ತು, ಒಳ್ಳೆಯ ಮನೆತನ. ಎತ್ತರದ ಆಳು, ತಲೆಗೆ ಕೆಂಪು ರುಮಾಲು, ಗಲ್ಲದ ತನಕ ಮೀಸೆ. ನೋಡಿದವರು ದೇಸಾಯರೆಂದು ಎದ್ದು ನಿಲ್ಲಬೇಕು. ಆದರೆ ಅವರಿಗೊಂದು ಕಾಯಿಲೆ ಇತ್ತು, ಆರಿಸುವ ಕಾಯಿಲೆ. ಬದನೆಕಾಯಿ ತರಲು ಸಂತೆಗೆ ಹೋದರೆ ಒಂದೊಂದನ್ನೂ ಎತ್ತಿ, ಒತ್ತಿ, ಬಿಸಿಲಿಗೆ ಹಿಡಿದು, ತೊಟ್ಟು ಮೂಸಿ ನೋಡಿ ಮುಗಿಸುವ ಹೊತ್ತಿಗೆ ಸಂತೆಯೇ ಎದ್ದುಹೋಗಿರುತ್ತಿತ್ತು. ಅಂಥವರು ಹೆಣ್ಣು ನೋಡಲು ನಮ್ಮ ಮನೆಗೆ ಬಂದ ದಿನ ಅಕ್ಕನನ್ನು ಒಮ್ಮೆ ನೋಡಿ, ಒಂದೇ ಮಾತಿಗೆ ಹೂಂ ಅಂದರಂತೆ. "ಹುಟ್ಟಿದಾಗಿಂದ ಅಂವಾ ಲಗೂನ ಆರಿಸಿದ್ದು ಅದೊಂದ ನೋಡ್ರಿ" ಎಂದು ಅವರ ತಾಯಿಯೇ ಹೇಳುತ್ತಿದ್ದರು.

ಮದುವೆಯಾದ ಮೇಲೆ ಮಾವ ಹೊಸ ಮನೆ ಕಟ್ಟಿಸಿದರು. ಗೋಡೆ ಎದ್ದವು, ಮಾಳಿಗೆಗೆ ಮಣ್ಣು ಬಿತ್ತು, ತಲೆಬಾಗಿಲು ಮಾತ್ರ ಬರಲಿಲ್ಲ. ಸಾಗವಾನಿಯೋ ಮತ್ತಿಯೋ, ಒಂಟಿ ಕದವೋ ಜೋಡಿ ಕದವೋ ಎಂದು ಎರಡು ವರ್ಷ ಆರಿಸಿದರು. ಅಲ್ಲಿಯತನಕ ಬಾಗಿಲಿನ ಜಾಗದಲ್ಲಿ ಜೋಳದ ದಂಟಿನ ತಟ್ಟಿ. ಒಂದು ಹಬ್ಬಕ್ಕೆ ಬೀಗರು ಬರುವವರಿದ್ದರು. ಅಕ್ಕ ಹೋಳಿಗೆಗೆ ಹೂರಣ ರುಬ್ಬಿಟ್ಟು, ನೀರು ತರಲು ಹಿತ್ತಿಲಿಗೆ ಹೋಗಿ ಬರುವಷ್ಟರಲ್ಲಿ ನೆರೆಮನೆಯ ಎಮ್ಮೆ ತಟ್ಟಿಯನ್ನು ತಿಂದು, ಒಳಗೆ ಬಂದು ಹೂರಣವನ್ನೂ ತಿಂದು, ಒಲೆಯ ಮುಂದೆ ಮಲಗಿ ಮೆಲುಕು ಹಾಕುತ್ತಿತ್ತು. ಮಾವ ಅದನ್ನು ನೋಡಿ ಅಂದದ್ದು ಇಷ್ಟೇ: "ದಂಟಿನ ತಟ್ಟಿ ಬ್ಯಾಡಾಗಿತ್ತು, ತೊಗರಿ ಕಟ್ಟಿಗಿದು ಮಾಡಸಬೇಕಿತ್ತು."

ಮುಂದಿನ ಪಂಚಮಿಗೆ ತವರಿಗೆ ಬಂದ ಅಕ್ಕ ಹೊಳ್ಳಿ ಹೋಗಲಿಲ್ಲ. "ಬಾಗಲಾ ಹಚ್ಚಿದ ದಿನಾ ಕರಿಯಾಕ ಬರ್ರಿ ಅಂತ ಹೇಳು. ತಟ್ಟಿ ಮನಿಗೆ ನಾ ಬರೂದಿಲ್ಲ" ಎಂದು ಹಟ ಹಿಡಿದಳು. ಅದೇ ಮಳೆಗಾಲದಲ್ಲಿ ಹೊಳೆಯ ದಂಡೆಯ ನಮ್ಮ ಹೊಲದ ಹಳೆಯ ಬೇವಿನ ಮರ ಗಾಳಿಗೆ ಬಿತ್ತು. ನಾವು ಅಕ್ಕತಂಗಿಯರು ಪಂಚಮಿಗೆ ಜೋಕಾಲಿ ಕಟ್ಟಿ ಜೀಕುತ್ತಿದ್ದ ಮರ ಅದು. ಅಪ್ಪ ಟೊಂಗೆ ಸವರಿಸಿ, ಬೇರು ಕಡಿಸಿ, ಬುಡದ ಕಡೆಗೆ ಸುಣ್ಣದಿಂದ ಗುರುತು ಹಾಕಿ ಹೇಳಿಕಳಿಸಿದ: "ಅಳಿಯಾರ, ಬೇವಿನ ಬಾಗಲಕ್ಕ ಗೆದ್ದಲ ಹತ್ತೂದಿಲ್ಲ. ಮಗಳಿಗೆ ಕೊಟ್ಟೇನಿ, ಒಯ್ಯಿರಿ." ಅಪ್ಪನ ಪಾಲಿಗೆ ಮಾತು ಅಲ್ಲಿಗೆ ಮುಗಿದಿತ್ತು. ಮಾವನಿಗೆ ಅಲ್ಲಿಂದ ಶುರುವಾಯಿತು.

ಈಗ ನನ್ನ ಉದ್ಯೋಗದ ವಿಷಯ ಹೇಳಬೇಕು. ಆಗ ಹಿರಿಯರು ಓಡಾಡುವ ಮನೆಯಲ್ಲಿ ಗಂಡ ಹೆಂಡತಿ ಎದುರಾಬದುರು ನಿಂತು ಮಾತಾಡುವ ರೂಢಿ ಇರಲಿಲ್ಲ. ಅದರ ಮೇಲೆ ಅಕ್ಕನಿಗೆ ಸಿಟ್ಟು ಬೇರೆ. ಮಾವ ಪಡಸಾಲೆಯಲ್ಲಿ ಕಂಬಳಿಯ ಮೇಲೆ, ಅಕ್ಕ ಅಡುಗೆಮನೆಯಲ್ಲಿ ಒಲೆಯ ಮುಂದೆ, ನಡುವೆ ನಾನು.

"ತಂಗೆವ್ವಾ, ನಿಮ್ಮ ಅಕ್ಕಗ ಕೇಳು, ಆರಾಮ ಅದಾಳೇನಂತ."

ಹದಿನೈದು ಹೆಜ್ಜೆ ಒಳಗೆ. "ಅಕ್ಕಾ, ಆರಾಮ ಅದಿಯೇನಂತ ಕೇಳ್ಯಾರ."

"ಬಾಗಲಾ ಎಲ್ಲಿಗೆ ಬಂತಂತ ಕೇಳು."

ಹದಿನೈದು ಹೆಜ್ಜೆ ಹೊರಗೆ. "ಆರಾಮ ಅದಾಳಂತ್ರಿ. ಬಾಗಲಾ ಎಲ್ಲಿಗೆ ಬಂತ್ರಿ ಮಾವಾ?"

ನೋಡಿದಿರಾ, ಆರಾಮ ಎಂಬ ಮಾತು ನನ್ನದು! ಅಷ್ಟು ಕೈಗುಣವಿಲ್ಲದೆ ಈ ಉದ್ಯೋಗ ನಡೆಯುವುದಿಲ್ಲ. ನನಗೂ ಬೇರೆ ಕೆಲಸವೇನಿತ್ತು? ಮದುವೆಯಾಗಿ ಗಂಡನ ಮನೆಗೆ ನಡೆಯುವ ಮೊದಲೇ ನನ್ನ ಗಂಡ ಪ್ಲೇಗಿನಲ್ಲಿ ಹೋಗಿದ್ದ. ಬಾಸಿಂಗದ ಎಳೆಗಳ ನಡುವೆ ಅರ್ಧ ಮುಖ ಕಂಡಿದ್ದೆ, ಅಷ್ಟೇ. ಒಂದು ಮಾತೂ ಆಡಿದವಳಲ್ಲ. ಹೀಗಾಗಿ ಅಪ್ಪನ ಮನೆಯಲ್ಲಿ ಉಳಿದು, ಇನ್ನೊಬ್ಬರ ಮಾತು ಹೊರುವವಳಾದೆ.

ಮೊದಲ ಸಲ ಮಾವ ಬಂದಾಗ ಹಗ್ಗ ತಂದರು. ಒಂದಲ್ಲ, ಮೂರು! ಪುಂಡಿನಾರಿನದೊಂದು, ತೆಂಗಿನ ನಾರಿನದೊಂದು, ತೊಗಲಿನ ಮಿಣಿ ಒಂದು. "ಪುಂಡಿನಾರು ತೊಯ್ದರ ಗಂಟ ಬಿಗಿತೈತಿ. ತೆಂಗಿನ ನಾರು ತೊಯ್ದರೂ ಕೊಳಿಯೂದಿಲ್ಲ. ಮಿಣಿ ಹರಿಯೂದಿಲ್ಲ ಖರೆ, ಆದರ ನಾಯಿ ಕಚ್ಚಿಕೊಂಡು ಹೋಗತಾವು" ಎಂದು ಮೂರನ್ನೂ ದಿಮ್ಮಿಯ ಮೇಲೆ ಹಾಸಿ ಅರ್ಧ ದಿನ ನೋಡಿದರು.

"ಮೂರೂ ಕೂಡಿಸಿ ಕಟ್ರಿ, ಅಳಿಯಾರ" ಎಂದ ಅಪ್ಪ.

"ಹಂಗ ಮಾಡಬಾರದ್ರಿ ಹಿರ್ಯಾರ. ಒಂದರ ಗುಣಾ ಇನ್ನೊಂದು ಕೆಡಸತೈತಿ."

ಆಮೇಲೆ ಹಗ್ಗದ ಒಂದು ತುದಿಯನ್ನು ದಿಮ್ಮಿಗೂ ಇನ್ನೊಂದು ತುದಿಯನ್ನು ತಮ್ಮ ಸೊಂಟಕ್ಕೂ ಕಟ್ಟಿಕೊಂಡರು. ಎತ್ತು ಎಳೆಯುವ ಮೊದಲು ಧಣಿ ಎಳೆದು ನೋಡಬೇಕಂತೆ, ಪಾಪ ಎತ್ತಿಗೆ ಬಾಯಿಲ್ಲವಲ್ಲ! ಹೂಂ ಎಂದು ಎಳೆದರು. ದಿಮ್ಮಿ ಅಲುಗಲಿಲ್ಲ, ಧೋತರ ಅಲುಗಿತು. ನಾನು ಆಚೆ ಮುಖ ತಿರುಗಿಸಿ ಹೊಳೆ ನೋಡುತ್ತ ನಿಂತೆ.

ಮನೆಗೆ ಬಂದು ಅಕ್ಕನಿಗೆ ಎಲ್ಲ ಹೇಳಿದೆ. ಅವಳು ನಗಲಿಲ್ಲ. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಸೊಂಟಾ ನೊಂದೈತೇನಂತ ಕೇಳು" ಎಂದಳು. ಉತ್ತರ ಬರುವ ಮೊದಲೇ ಎಳ್ಳೆಣ್ಣೆ ಬಿಸಿ ಮಾಡಿ ಬಟ್ಟಲನ್ನು ನನ್ನ ಕೈಗಿಟ್ಟಳು. ಮಾವ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕುಳಿತರು. ಹಚ್ಚಿಕೊಳ್ಳಲೇ ಇಲ್ಲ. ಎಣ್ಣೆ ಅಲ್ಲೇ ಆರಿತು.

ಅಲ್ಲಿಂದ ಮುಂದೆ ಹತ್ತಿ ಬಿಡಿಸಿದ ಮೇಲೆ ಒಮ್ಮೆ, ಜೋಳದ ರಾಶಿಯಾದ ಮೇಲೆ ಒಮ್ಮೆ, ಮುಂಗಾರಿಗೆ ಮೊದಲು ಒಮ್ಮೆ, ಹೀಗೆ ಮಾವನ ಸವಾರಿ ತಪ್ಪದೆ ಬರತೊಡಗಿತು. ಬಂದವರು ಮೊದಲು ದಿಮ್ಮಿಯನ್ನು ಅಳೆಯುತ್ತಿದ್ದರು. ಮಲಗಿದ ದಿಮ್ಮಿ ಬೆಳೆಯುತ್ತದೆಯೇ? ಬೆಳೆಯಲಿಲ್ಲ, ಗಿಡ್ಡವಾಯಿತು! ಪ್ರತಿ ಸಲವೂ "ಅಂಚು ಸೀಳೈತಿ" ಎಂದು ಎರಡೂ ತುದಿಗಳನ್ನು ಒಂದೊಂದು ಗೇಣು ಕತ್ತರಿಸಿ ಹಾಕುತ್ತಿದ್ದರು. "ಹಿಂಗ ಕಡಕೋತ ಹ್ವಾದರ ಬಾಗಲಾ ಆಗೂದಿಲ್ಲ, ಕುಂದ್ರೂ ಮಣಿ ಆಗತೈತಿ ಅಂತ ಹೇಳು" ಎಂದು ಅಕ್ಕ ಒಳಗಿನಿಂದ ಮಾತು ಕಳಿಸಿದಳು. ನಾನು ಅದನ್ನು "ಜ್ವಾಕಿ ಅಂದಾಳ್ರಿ" ಎಂದು ತಲುಪಿಸಿದೆ.

ಎರಡನೆಯ ವರ್ಷ ಗಾಲಿ ಬಂದವು. ದಿಮ್ಮಿಯನ್ನು ಚಕ್ಕಡಿಯ ಮೇಲೆ ಹೇರಬೇಕಾದರೆ ಎದೆಯೆತ್ತರ ಎತ್ತಬೇಕು. ಅದೇ ಬರೀ ಎರಡು ದೊಡ್ಡ ಗಾಲಿ, ಒಂದು ಅಚ್ಚು ಇದ್ದರೆ, ದಿಮ್ಮಿಯನ್ನು ಅಚ್ಚಿನ ಕೆಳಗೆ ತೊಟ್ಟಿಲಿನ ಹಾಗೆ ತೂಗುಹಾಕಿ ಒಯ್ಯಬಹುದು. ವಿಚಾರವೇನೋ ಚಲೋದು! ಆದರೆ ಆ ಗಾಲಿಗಳನ್ನು ಮನೋಳಿಗೆ ತಂದದ್ದು ಯಾವುದರ ಮೇಲೆ? ಬಾಡಿಗೆಯ ಚಕ್ಕಡಿಯ ಮೇಲೆ!

ಚಕ್ಕಡಿಯವನು ಗಾಲಿ ಇಳಿಸಿ, ದಿಮ್ಮಿ ನೋಡಿ, ತಲೆ ಕೆರೆದುಕೊಂಡ. "ಧಣ್ಯಾರ, ನಾ ಹೆಂಗೂ ಬರೀ ಚಕ್ಕಡಿ ಹೊಡಕೊಂಡು ಬೈಲಹೊಂಗಲಕ್ಕ ಹೊಳ್ಳಿ ಹೋಗೂದ ಐತಿ. ನಾಕ ಮಂದಿ ಕೈ ಹಚ್ಚಿದರ ಇವತ್ತ ಒಯ್ತೇನಲ್ರಿ?"

ಮಾವ ಅವನನ್ನು ಕನಿಕರದಿಂದ ನೋಡಿದರು. "ಇದು ಗಾಲಿ ಹೇರೂ ಚಕ್ಕಡಿ ತಮ್ಮಾ. ದಿಮ್ಮಿ ಹೇರೂದು ಬ್ಯಾರೇ."

ಬರಿ ಚಕ್ಕಡಿ ಗಡಗಡ ಸದ್ದು ಮಾಡುತ್ತ ಹೊರಟುಹೋಯಿತು. ಗಾಲಿಗಳು ನಮ್ಮ ದನದ ಕೊಟ್ಟಿಗೆ ಸೇರಿದವು. ಅವುಗಳ ಅರೆಗಳ ನಡುವೆ ಕೋಳಿ ಮೊಟ್ಟೆಯಿಡುತ್ತಿತ್ತು.

ಮೂರನೆಯ ವರ್ಷ ಕಿತ್ತೂರಿಗೆ ಹೋಗಿ, ಅಡವಿಯಿಂದ ಮರ ತರುವವರು ಹೇಗೆ ಹೇರುತ್ತಾರೆಂದು ವಾರಗಟ್ಟಲೆ ನೋಡಿಕೊಂಡು ಬಂದರು. ಚಕ್ಕಡಿಗೆ ಎರಡು ಗಳ ಇಳಿಜಾರಾಗಿ ಒರಗಿಸುವುದು, ದಿಮ್ಮಿಗೆ ಹಗ್ಗ ಬಳಸಿ ಆಚೆಯಿಂದ ಎತ್ತುಗಳಿಂದ ಎಳೆಸುವುದು, ದಿಮ್ಮಿ ತಾನಾಗಿ ಉರುಳುತ್ತ ಮೇಲೇರುವುದು. ನಡುವೆ ಯಾರದೋ ಮಾತು ಕೇಳಿ ಆನೆ ಸಿಗುತ್ತದೆಯೇ ಎಂದು ರಾಮದುರ್ಗಕ್ಕೂ ಹೋಗಿಬಂದರು. ಸಿಗಲಿಲ್ಲ. ಸಿಗದಿದ್ದದ್ದೇ ಒಳ್ಳೆಯದಾಯಿತು, ಗಂಡಾನೆಯೋ ಹೆಣ್ಣಾನೆಯೋ ಎಂದು ಆರಿಸಲು ಇನ್ನೆರಡು ವರ್ಷ ಬೇಕಾಗುತ್ತಿತ್ತು!

ಕಿತ್ತೂರಿನ ವಿದ್ಯೆಯನ್ನು ದಿಮ್ಮಿಯ ಮೇಲೆ ಒಮ್ಮೆಲೇ ಪ್ರಯೋಗಿಸುವುದು ಬೇಡವೆಂದು ಅಪ್ಪನ ಕಣದ ಕಲ್ಲುಗುಂಡಿನ ಮೇಲೆ ತಾಲೀಮು ನಡೆಸಿದರು. ಗಳ ಒರಗಿಸಿದರು, ಹಗ್ಗ ಬಳಸಿದರು, ಎತ್ತು ಹೊಡೆದರು. ಕಲ್ಲುಗುಂಡು ಸರಸರ ಮೇಲೇರಿತು. ಊರಿನವರೆಲ್ಲ "ಭಲೆ!" ಅಂದರು. ಏರಿದ ಗುಂಡು ಚಕ್ಕಡಿಯ ಮೇಲೆ ನಿಲ್ಲದೆ ಆಚೆ ಕಡೆಯಿಂದ ಇಳಿದು, ಕಣ ದಾಟಿ, ಅಪ್ಪನ ಕುಂಬಳಬಳ್ಳಿಯ ಮೇಲೆ ಹೋಗಿ ಕುಳಿತಿತು. ಮಾವ ಏರಿಸುವ ವಿದ್ಯೆ ಕಲಿತು ಬಂದಿದ್ದರು, ನಿಲ್ಲಿಸುವ ವಿದ್ಯೆ ಕಿತ್ತೂರಿನಲ್ಲೇ ಉಳಿದಿತ್ತು. ಆ ಸಂಜೆ ನಮ್ಮನೆಯಲ್ಲಿ ಕುಂಬಳಕಾಯಿ ಪಲ್ಯ.

ಅದೇ ವರ್ಷ ಗರಗಸದವರು ಊರಿಗೆ ಬಂದರು. ಅಣ್ಣತಮ್ಮ ಇಬ್ಬರು, ಹೆಗಲ ಮೇಲೆ ಆಳುದ್ದದ ಗರಗಸ. ತಗ್ಗು ತೋಡಿ, ಅದರ ಮೇಲೆ ದಿಮ್ಮಿ ಅಡ್ಡ ಹಾಕಿ, ಅಣ್ಣ ಮೇಲೆ ನಿಂತು, ತಮ್ಮ ತಗ್ಗಿನಲ್ಲಿ ನಿಂತು ಕೊಯ್ಯುವವರು. ಮರದ ಹೊಟ್ಟೆಲ್ಲ ತಮ್ಮನ ಕಣ್ಣಿಗೆ! ಅಣ್ಣ ದಿಮ್ಮಿಯನ್ನು ತಟ್ಟಿ ನೋಡಿ ಹೇಳಿದ: "ದಿಮ್ಮಿ ಯಾಕ ಹೊರತೀರಿ? ಗರಗಸಾ ನಡಕೊಂಡು ಬಂದೈತೆಲ್ಲಾ. ಇಲ್ಲೇ ಕೊಯ್ದು ಕೊಡತೇವಿ. ಹಲಗಿ ಒಯ್ಯಾಕ ಒಂದು ಚಕ್ಕಡಿ ಸಾಕು."

ಇಷ್ಟು ಸಣ್ಣ ಮಾತು ಮೂರು ವರ್ಷ ಯಾರಿಗೂ ಹೊಳೆದಿರಲಿಲ್ಲವೇ? ಎಲ್ಲರಿಗೂ ಹೊಳೆದಿತ್ತು. ಮಾವನಿಗೂ ಹೊಳೆದಿತ್ತೆಂದು ನನಗೆ ತಿಳಿದದ್ದು ಅಂದೇ. ಅವರು ನನ್ನನ್ನು ಬದಿಗೆ ಕರೆದರು. ದನಿ ಸಣ್ಣದಾಗಿತ್ತು.

"ತಂಗೆವ್ವಾ, ಇಲ್ಲೇ ಕೊಯ್ಸಿದರ ವಾರದಾಗ ಮುಗಿತೈತಿ. ಬಾಗಲಾ ಆದ ಮ್ಯಾಲೂ ನಿಮ್ಮ ಅಕ್ಕ ಬರಲಿಲ್ಲಂದ್ರ? ಆವಾಗ ನಾ ಏನಂತ ಮನೋಳಿಗೆ ಬರಲಿ? ಹೋಗಿ ಕೇಳಿ ಬಾ. ಖರೇನ ಬರತಾಳಂದ್ರ ಈಗ ಗರಗಸಾ ಹಚ್ಚಸತೇನಿ."

ಮೂರು ವರ್ಷ ಹಗ್ಗ, ಗಾಲಿ, ಗಳ ಎಂದು ಊರು ನಕ್ಕಿತ್ತಲ್ಲ, ಅದೆಲ್ಲ ಇಷ್ಟಕ್ಕೆ! ದಿಮ್ಮಿ ಅಲ್ಲಿ ಬಿದ್ದಿರುವ ತನಕ ಅವರಿಗೆ ನಮ್ಮ ಪಡಸಾಲೆಯಲ್ಲಿ ಕುಳಿತು ಅಡುಗೆಮನೆಯ ಬಳೆಯ ಸದ್ದು ಕೇಳಲು ಒಂದು ನೆಪ ಇತ್ತು.

ಹೊಲದಿಂದ ಮನೆಗೆ ಅರ್ಧ ಹರಿದಾರಿ. ಓಡಿಹೋಗಿ ಅಕ್ಕನಿಗೆ ಹೇಳಿದೆ. ಜೋಳ ಹಸನು ಮಾಡುತ್ತಿದ್ದ ಅವಳು ಮೊರವನ್ನು ಕೆಳಗಿಟ್ಟು, ಮುಖ ತಗ್ಗಿಸಿ, "ಹೂಂ ಅನ್ನು" ಎಂದಳು. ಅಷ್ಟೇ. ನಾನು ಹೊಸ್ತಿಲು ದಾಟುವ ಮೊದಲೇ ಅವಳು ಪೆಟ್ಟಿಗೆ ತೆಗೆದು ಸೀರೆ ಮಡಿಚುವ ಸಪ್ಪಳ ಕೇಳಿಸಿತು.

ಹೋಗುವಾಗ ಓಡಿದ ಕಾಲು ಹೊಲಕ್ಕೆ ಹೊಳ್ಳುವಾಗ ಭಾರವಾದವು. ಅಕ್ಕ ಹೋದರೆ ಆ ಮನೆಯಲ್ಲಿ ನಾನು ಯಾರ ಮಾತು ಹೊರಲಿ? "ಉಂಡ್ರೇನಂತ ಕೇಳು", "ಬಡವಾಗ್ಯಾಳೇನಂತ ನೋಡು", ಇಂಥ ಮಾತು ಒಬ್ಬ ಗಂಡಸಿಗೆ ಒಬ್ಬ ಹೆಂಗಸು ಆಡುವ ಮಾತು. ಅವು ನನ್ನ ಬಾಯಿಗೆ ಬರುತ್ತಿದ್ದದ್ದು ಈ ಇಬ್ಬರ ದೆಸೆಯಿಂದ. ನನ್ನವಲ್ಲ, ಗೊತ್ತು. ಆದರೂ ಹದಿನೈದು ಹೆಜ್ಜೆಯ ತನಕ ನನ್ನ ಬಾಯಲ್ಲೇ ಇರುತ್ತಿದ್ದವಲ್ಲ!

"ಏನಂದ್ಲು?" ಎಂದರು ಮಾವ.

"ಇನ್ನೂ ವಿಚಾರ ಮಾಡಾಕ ಹತ್ತಾಳ್ರಿ" ಎಂದೆ.

ಮಾವ ತಲೆಯಾಡಿಸಿ, ಗರಗಸದವರನ್ನು ಕಳಿಸಿಬಿಟ್ಟರು. ಮನೆಯಲ್ಲಿ ಅಕ್ಕನಿಗೆ, "ಗರಗಸದವರು ಹ್ವಾದರು. ಮುಂದಿನ ಸಲಾ ಅಂದಾರ" ಎಂದೆ. ಅವಳು ಮಡಿಚಿದ ಸೀರೆಗಳನ್ನು ಒಂದೊಂದಾಗಿ ಮತ್ತೆ ಗಳದ ಮೇಲೆ ಹಾಕಿದಳು. ಒಂದು ದಿನಕ್ಕೆ ಎರಡು ಸುಳ್ಳು. ಇಬ್ಬರೂ ನನ್ನನ್ನು ನಂಬಿದರು.

ನಾಲ್ಕನೆಯ ವರ್ಷ ಶ್ರಾವಣದಲ್ಲಿ ಅಪ್ಪನೇ ಬೇಸತ್ತು ಗರಗಸದವರನ್ನು ಕರೆಸಿ, ಮಾವನಿಗೂ ಹೇಳಿಕಳಿಸಿದ. ಅಕ್ಕ ಅಂದು, "ಈ ಸಲಾ ಬುತ್ತಿ ನಾನ ಒಯ್ತೇನಿ" ಎಂದು ನನ್ನ ಜೊತೆ ಹೊಲಕ್ಕೆ ಹೊರಟಳು. ಹೊಳೆ ತುಂಬಿತ್ತು. ತಗ್ಗು ತೋಡಿ ಆಗಿತ್ತು. ಗರಗಸದ ಅಣ್ಣ ಕೇಳಿದ: "ಬುಡ ಯಾವುದ್ರಿ, ತುದಿ ಯಾವುದು? ಚೌಕಟ್ಟಿನ ಕಾಲು ಗಿಡಾ ನಿಂತಂಗ ನಿಲ್ಲಬೇಕು. ತಲಿಕೆಳಗ ನಿಂತರ ಮನಿಗೆ ಒಳ್ಳೇದಲ್ಲ."

ಎಲ್ಲರೂ ಸುಣ್ಣದ ಗುರುತು ಹುಡುಕಿದರು. ಎಲ್ಲಿಂದ ಸಿಗಬೇಕು? ಗೇಣು ಗೇಣು ಕತ್ತರಿಸಿ ಮಾವ ಅದನ್ನು ಎಂದೋ ಒಲೆಗೆ ಹಾಕಿಸಿದ್ದರು! ಈಗ ಎರಡು ಕಡೆಯೂ ಒಂದೇ ದಪ್ಪ.

"ನೀರಿಗೆ ಬಿಡ್ರಿ. ಬುಡದ ಕಡೆ ವಜ್ಜಿ ಇರತೈತಿ, ಅದ ಮುಳುಗತೈತಿ" ಎಂದ ಅಪ್ಪ.

ಆಗ ನೋಡಬೇಕಿತ್ತು ಮಾವನ ಮುಖ! ಹಾರೆಗಳಿಂದ ಮೀಟಿದರು, ಗಳಗಳನ್ನು ಹಾಸಿದರು, ದುಂಡು ಕಟ್ಟಿಗೆಗಳನ್ನು ಅಡಿಯಲ್ಲಿಟ್ಟರು. ನಾಲ್ಕು ವರ್ಷ ಅಲುಗದ ದಿಮ್ಮಿ ಬೆಣ್ಣೆಯಂತೆ ಜಾರುತ್ತ ಹೊಳೆಯ ಕಡೆಗೆ ನಡೆಯಿತು. "ನೋಡ್ರಿ! ನಾ ಹೇಳಿದ್ದಿಲ್ಲೇನು?" ಎಂದು ಮಾವ ಕುಣಿದರು.

"ಅಳಿಯಾರ, ಮೊದಲ ಹಗ್ಗಾ ಕಟ್ರಿ!" ಎಂದು ಅಪ್ಪ ಕೂಗಿದ.

ಮಾವ ಮೂರೂ ಹಗ್ಗಗಳನ್ನು ದಂಡೆಯ ಮೇಲೆ ಸಾಲಾಗಿ ಹಾಸಿದರು. "ನೀರಾಗ ಅಂದರ ತೆಂಗಿನ ನಾರು ಚಲೋ... ಆದರ ಸೆಳವು ಐತಿ, ಮಿಣಿನ ಬೇಕು... ಪುಂಡಿನಾರು ತೊಯ್ದರ..."

ಅಷ್ಟರಲ್ಲಿ ದಿಮ್ಮಿ ದಂಡೆಯಿಂದ ಜಾರಿ ದುಡುಮ್ಮನೆ ನೀರಿಗೆ ಬಿತ್ತು, ತೇಲಿತು. ಒಂದು ತುದಿ ಮುಳುಗಿತು, ಇನ್ನೊಂದು ಎದ್ದಿತು. "ಬುಡ ಗೊತ್ತಾತು!" ಎಂದು ಗರಗಸದವನು ಕೈ ತಟ್ಟಿದ. ಗೊತ್ತಾದ ಬುಡ ಆಗಲೇ ಸವದತ್ತಿಯ ಹಾದಿ ಹಿಡಿದಿತ್ತು!

ಮಾವ ರುಮಾಲನ್ನೂ ತೆಗೆಯದೆ ಹೊಳೆಗೆ ಇಳಿದರು. ಮೊಣಕಾಲು, ಸೊಂಟ, ಎದೆ. ಸೆಳವು ಜೋರಾಗಿತ್ತು. ಈಜು ಬಾರದ ಮನುಷ್ಯ! ನನ್ನ ಪಕ್ಕದಲ್ಲಿ ಬುತ್ತಿಯ ಗಂಟು ನೆಲಕ್ಕೆ ಬಿತ್ತು. ಅಪ್ಪನ ಎದುರಿಗೆ, ಪರಗಂಡಸರ ಎದುರಿಗೆ, ನಾಲ್ಕು ವರ್ಷದಲ್ಲಿ ಮೊದಲ ಸಲ ಅಕ್ಕ ನೇರವಾಗಿ ಕೂಗಿದಳು:

"ದಿಮ್ಮಿ ಹೋಗಲಿ ಬಿಡ್ರಿ! ನೀವ ಬರ್ರಿ! ಬಾಗಲಾ ಇಲ್ಲದಿದ್ರ ನಾನ ಬಾಗಲದಾಗ ಕುಂದರತೇನಿ!"

ಎದೆಮಟ್ಟದ ನೀರಿನಲ್ಲಿ ಮಾವ ನಿಂತರು. ತಿರುಗಿದರು. ಅಕ್ಕನ ಕಡೆ ನೋಡದೆ, ರೂಢಿಯಂತೆ, ನನ್ನ ಕಡೆ ನೋಡಿ ಕೇಳಿದರು:

"ತಂಗೆವ್ವಾ, ಏನಂದ್ಲು?"

ಎಲ್ಲರೂ ನನ್ನನ್ನು ನೋಡಿದರು. ನಗು ಬಂದಿತ್ತೋ ಅಳು ಬಂದಿತ್ತೋ, ನಾನು ಗಂಟಲು ಹರಿಯುವ ಹಾಗೆ ಕೂಗಿದೆ: "ಬರ್ರಿ ಅಂದ್ಲು ಮಾವಾ! ಬಾಗಲಾ ಇಲ್ಲದಿದ್ರೂ ಬರತಾಳಂತ! ಹ್ವಾದ ವರ್ಷಾನ ಹೂಂ ಅಂದಿದ್ಲು, ನಾ ಹೇಳಿದ್ದಿಲ್ಲ!"

ನೀರಿನ ಸದ್ದಿನಲ್ಲಿ ಮಾವನಿಗೆ ಎಷ್ಟು ಕೇಳಿಸಿತೋ ಕಾಣೆ, ದಡಕ್ಕೆ ಬಂದರು. ಪಕ್ಕದಲ್ಲಿದ್ದ ಅಕ್ಕನಿಗೆ ಪೂರ್ತಿ ಕೇಳಿಸಿತು. ಅವಳು ನನ್ನ ಮುಖ ನೋಡಲಿಲ್ಲ. ಮರುದಿನ ಚಕ್ಕಡಿ ಹತ್ತುವಾಗಲೂ ನೋಡಲಿಲ್ಲ. ಮುಂದಿನ ಪಂಚಮಿಗೆ ತವರಿಗೂ ಬರಲಿಲ್ಲ. ಮೂರು ಹಗ್ಗಗಳು ನಮ್ಮ ಪಡಸಾಲೆಯ ಗೂಟದಲ್ಲಿ ಉಳಿದವು. ಆ ಒಂದು ವರ್ಷ ನಾನು ಎಷ್ಟು ಸಲ ಪಡಸಾಲೆಯಿಂದ ಅಡುಗೆಮನೆಗೆ ಸುಮ್ಮಸುಮ್ಮನೆ ನಡೆದೆನೋ! ಹದಿನೈದು ಹೆಜ್ಜೆ, ಬರಿ ಬಾಯಿ.

ಕಡೆಗೆ ತಾಳಲಾರದೆ ಅಪ್ಪನ ಜೊತೆ ನಾನೇ ಬೈಲಹೊಂಗಲಕ್ಕೆ ಹೋದೆ. ಮನೆಗೆ ಬಾಗಿಲು ಬಂದಿತ್ತೇ? ಹುಚ್ಚೇನು ನಿಮಗೆ! ಮಾವ ಇನ್ನೂ ಆರಿಸುತ್ತಿದ್ದರು. ಬಾಗಿಲಿನ ಜಾಗದಲ್ಲಿ ಅಕ್ಕ ಮೊರ ಹಿಡಿದು ಕುಳಿತಿದ್ದಳು, ಪಕ್ಕದಲ್ಲಿ ಎಮ್ಮೆಗೊಂದು ಕೋಲು. "ಬಾ" ಎಂದಳು, ಅಷ್ಟೇ. ಅಪ್ಪ ಸಂತೆಗೆ ಹೋದ, ಅಕ್ಕನ ಅತ್ತೆ ಇದ್ದದ್ದು ಹಳೆಯ ಮನೆಯಲ್ಲಿ. ಅದು ಅವಳದೇ ಮನೆ, ಅಲ್ಲಿ ಯಾರ ಹಂಗು? ದಿನವಿಡೀ ಗಂಡ ಹೆಂಡತಿ ನೇರವಾಗಿ ಮಾತಾಡಿದರು, ಜಗಳಾಡಿದರು, ನಕ್ಕರು. ನಾನು ಕಂಬಕ್ಕೆ ಒರಗಿ ಕೈ ಮಡಿಚಿ ಕುಳಿತಿದ್ದೆ.

ಊಟದ ಹೊತ್ತಾಯಿತು. ಮಾವ ಕಟ್ಟೆಯ ಮೇಲೆ, ಹತ್ತೇ ಹೆಜ್ಜೆ ದೂರದಲ್ಲಿ. ಅಕ್ಕ ಒಲೆಯ ಮುಂದಿನಿಂದ ಒಮ್ಮೆ ನನ್ನನ್ನು ನೋಡಿದಳು. ಆಮೇಲೆ ರೊಟ್ಟಿ ತಿರುವುತ್ತ, ಎಲ್ಲರಿಗೂ ಕೇಳುವ ಹಾಗೆ, ನನಗೆ ಹೇಳಿದಳು:

"ತಂಗೀ, ಅವರಿಗೆ ಕೇಳವಾ, ಉಣತಾರೇನಂತ."

ಮಾವನಿಗೆ ಅದು ಸ್ಪಷ್ಟವಾಗಿ ಕೇಳಿಸಿತ್ತು. ಏಳಲು ಕಟ್ಟೆಗೆ ಕೈ ಊರಿದವರು ಹಾಗೆಯೇ ಮತ್ತೆ ಕುಳಿತರು, ಏನೂ ಕೇಳಿಸದವರ ಹಾಗೆ ಬೀದಿ ನೋಡುತ್ತ ಕಾದರು. ನಾನು ಎದ್ದು, ಹತ್ತು ಹೆಜ್ಜೆ ನಡೆದು, "ಉಣತೀರೇನಂತ್ರಿ ಮಾವಾ" ಎಂದೆ.

"ಹೂಂ ಅನ್ನು" ಎಂದರು.

ಹತ್ತು ಹೆಜ್ಜೆ ಹೊಳ್ಳಿ ಬಂದೆ. ಕಣ್ಣು ಮಂಜಾಗಿ ಅಡುಗೆಮನೆಯ ಹೊಸ್ತಿಲು ಎಡವಿದೆ, ಆದರೆ ಮಾತನ್ನು ಚೆಲ್ಲಲಿಲ್ಲ.

"ಹೂಂ ಅಂದ್ರು, ಅಕ್ಕಾ."